ಡಬ್ಬಿ ಹೇಳಿದ ದೂರ

ಈ ಡಬ್ಬಿಯನ್ನು ಬೈಕಿಗೆ ಕಟ್ಟಿಕೊಂಡು ಊರೂರು ತಿರುಗಲು ಶುರು ಮಾಡಿದ ಮೇಲೆ, ಒಂದಲ್ಲ ಒಂದು ಫಜೀತಿ ಆಗದೆ ನಾನು ಮನೆಗೆ ಬಂದ ದಿನವೇ ಇಲ್ಲ. ಮೊದಮೊದಲು ಹೆಂಡತಿ “ಕೆಲ್ಸ ಆಯ್ತಾ?” ಎಂದು ಕೇಳುತ್ತಿದ್ದಳು. ಈಗ “ಇವತ್ತೇನಾಯ್ತು?” ಎಂದೇ ತಟ್ಟೆ ಇಡುತ್ತಾಳೆ.

ನಾನು ಕೊಳ್ಳೇಗಾಲದ ಬೀದಿಗಳಲ್ಲಿ ಇಪ್ಪತ್ತೈದು ವರ್ಷ ಕೇಬಲ್ ಟಿವಿ ತಂತಿ ಎಳೆದವನು. ಎಲ್ಲರೂ ಮೊಬೈಲಿನಲ್ಲೇ ಎಲ್ಲವನ್ನೂ ನೋಡಲು ಶುರು ಮಾಡಿದ ಮೇಲೆ ತಂತಿಯೂ ಹೋಯಿತು, ನಾನೂ ಹೋದೆ. ಆಗ ನನ್ನ ಬಾಮೈದ ಬಂದ. ಅವನದೊಂದು ಹಿಟ್ಟಿನ ಗಿರಣಿ ಇದೆ. “ಬಾವ, ನೀವೇನೂ ಮಾಡ್ಬ್ಯಾಡಿ. ಸುಮ್ನೆ ಕುಂತ್ಕಂಡು ಬರೋರ ಚೀಲ ಸಾಲಾಗಿ ಇಡ್ಸಿ ಸಾಕು” ಎಂದ. ನಾನು ಒಪ್ಪುವ ಮೊದಲೇ ನನಗೆಂದು ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿಯನ್ನೂ ತಂದಿಟ್ಟ. ನನಗೆ ಗಿರಣಿ ಕೆಲಸ ಕೀಳು ಅಂತಲ್ಲ. ಆದರೆ ಈ ವಯಸ್ಸಿನಲ್ಲಿ ಬಾಮೈದನ ಎದುರು ತಲೆ ತುಂಬ ಹಿಟ್ಟು ಮೆತ್ತಿಕೊಂಡು, ಅವನು ‘ಬಾವ’ ಅಂದಾಗಲೆಲ್ಲ ಎದ್ದು ನಿಲ್ಲುವುದು ನನ್ನಿಂದ ಆಗದ ಮಾತು.

ಅಷ್ಟರಲ್ಲಿ ಮೈಸೂರಿನ ಒಂದು ಪುಟ್ಟ ಕಂಪನಿಯವರು ಸಿಕ್ಕರು. ಅವರ ಡಬ್ಬಿ ನೋಡಲು ಟಿಫನ್ ಬಾಕ್ಸಿನಷ್ಟಿದೆ. ಮೊಬೈಲು, ವೈಫೈಗಳು ಮಾತು ಮುಟ್ಟಿಸಲು ಬಳಸುವ ಅಲೆಯನ್ನೇ ಅದೂ ಬಿಡುತ್ತದೆ. ಆ ಅಲೆ ಎದುರಿಗಿರುವ ವಸ್ತುವಿಗೆ ಬಡಿದು ವಾಪಸ್ ಬರುತ್ತದೆ. ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿ, ವಸ್ತು ಎಷ್ಟು ದೂರದಲ್ಲಿದೆ ಎಂದು ಡಬ್ಬಿ ಹೇಳುತ್ತದೆ. ಹಳ್ಳಿಗಳಲ್ಲಿ ನಾನು ಇದನ್ನು, “ಬಂಡೆ ಮುಂದೆ ನಿಂತು ಕೂಗಿದರೆ ನಮ್ಮ ಕೂಗು ನಮಗೇ ಕೇಳುತ್ತಲ್ಲ, ಹಾಗೇ. ಇದರ ಕೂಗು ನಮ್ಮ ಕಿವಿಗೆ ಕೇಳೋಲ್ಲ ಅಷ್ಟೆ” ಎಂದು ವಿವರಿಸುತ್ತಿದ್ದೆ. ಹೊಲದ ಬದಿಯಲ್ಲಿ ಕಂಬಕ್ಕೆ ಕಟ್ಟಿದರೆ, ಹಂದಿಯೋ ಆನೆಯೋ ಹತ್ತಿರ ಬಂದಾಗ ಸೈರನ್ ಹೊಡೆಯಬೇಕು.

ಕಂಪನಿಯ ಮೇಡಂ ಚಿಕ್ಕ ವಯಸ್ಸಿನವರು. ನನ್ನನ್ನು ಅಂಕಲ್ ಎನ್ನುತ್ತಾರೆ, ಆದರೆ ಮಾತು ಮಾತ್ರ ಖಡಕ್ಕು. “ಅಂಕಲ್, ಆರು ತಿಂಗಳು ಟ್ರಯಲ್. ಸುಳ್ಳು ಅಲಾರಂ ಎರಡು ಬಂದರೆ ಸಹಿಸ್ಕೋತೀವಿ. ಮೂರನೇದು ಬಂದರೆ ಈ ಕಡೆ ಕೆಲಸ ನಿಲ್ಲಿಸ್ತೀವಿ. ಬರದಿದ್ದರೆ ನೀವು ಪರ್ಮನೆಂಟ್” ಎಂದರು. ಅಂದರೆ ಡಬ್ಬಿ ಗೆದ್ದರೆ ನನಗೆ ನೌಕರಿ. ಸೋತರೆ ಡಬ್ಬಿ ಮೈಸೂರಿಗೆ, ನಾನು ನೀಲಿ ಕುರ್ಚಿಗೆ.

ಕಾಮಗೆರೆಯ ಕುಂಬಳಕಾಯಿ

ಮೊದಲ ಡಬ್ಬಿ ಕಟ್ಟಿದ್ದು ಕಾಮಗೆರೆಯ ಹತ್ತಿರ, ರಸ್ತೆ ಪಕ್ಕದ ಒಂದು ಕಡ್ಲೆಕಾಯಿ ಹೊಲದಲ್ಲಿ. ಮಾರನೇ ದಿನ ಬೆಳಿಗ್ಗೆ ಹೊಲದ ಯಜಮಾನರ ಫೋನು. “ಸಾ, ನಿಮ್ ಡಬ್ಬಿ ಒತ್ತಾರೆಯಿಂದ ಬಾಯಿ ಬಡ್ಕತಾ ಅದೆ. ಮೂರು ಸಲ ದೊಣ್ಣೆ ತಕಂಡು ಓಡ್ಬಂದ್ವಿ. ಅಂದಿ ಇರ್ಲಿ, ಒಂದು ಇಲಿ ಬಾಲನೂ ಇಲ್ಲ.”

ಓಡಿದೆ. ನನ್ನ ಮೊಬೈಲಿನಲ್ಲಿ ನೋಡಿದರೆ, ‘ದೂರ: ಅರ್ಧ ಮೀಟರ್. ಗಾತ್ರ: ದೊಡ್ಡದು. ಅಲುಗಾಡುತ್ತಿದೆ’ ಎಂದು ಬರುತ್ತಿತ್ತು. ಅರ್ಧ ಮೀಟರ್ ದೂರದಲ್ಲಿ ಇದ್ದವನು ನಾನೊಬ್ಬನೇ. ನಾನು ಹಿಂದೆ ಸರಿದರೂ ಅದು ಅರ್ಧ ಮೀಟರ್ ಎಂದೇ ಹೇಳುತ್ತಿತ್ತು. ಮೇಡಂಗೆ ಫೋನ್ ಮಾಡಿದೆ. ಆಫ್ ಮಾಡಿ ಆನ್ ಮಾಡಿ ಅಂದರು, ಮಾಡಿದೆ. ಬ್ಯಾಟರಿ ಬಿಚ್ಚಿ ಹಾಕಿ ಅಂದರು, ಹಾಕಿದೆ. ಒಂದು ಗಂಟೆ ನೆಲ ನೋಡಿಕೊಂಡು ತಂತಿಗಳ ಜೊತೆ ಗುದ್ದಾಡಿದ ಮೇಲೆ, ಕತ್ತು ನೋವು ಬಂದು ತಲೆ ಎತ್ತಿದೆ. ಡಬ್ಬಿಯ ಮೂಗಿನ ಮುಂದೆ, ಕಂಬದ ತುದಿಗೆ ಕಟ್ಟಿದ ಹಗ್ಗದಲ್ಲಿ ಒಂದು ದಪ್ಪ ಬೂದುಗುಂಬಳ ಜೋಲಾಡುತ್ತಿತ್ತು. ಅದಕ್ಕೆ ಕಣ್ಣು, ಮೀಸೆ, ಕೋರೆಹಲ್ಲು ಎಲ್ಲ ಬರೆದಿದ್ದರು. ಗಾಳಿ ಬೀಸಿದಾಗಲೆಲ್ಲ ಅದು ಡಬ್ಬಿಯನ್ನು ನೋಡಿ ತಲೆಯಾಡಿಸುತ್ತಿತ್ತು.

“ಯಾರು ಕಟ್ಟಿದ್ದು ಇದನ್ನ?” ಎಂದೆ. ಯಜಮಾನರ ತಾಯಿ, ಎಂಬತ್ತರ ಅಜ್ಜಿ, ಹೆಮ್ಮೆಯಿಂದ ಮುಂದೆ ಬಂದರು. “ನಾನೇ ಕಣ್ ಮಗ. ಒಸ ವಸ್ತು. ರಸ್ತೇಲಿ ಓಗೋರು ಬರೋರ ಕಣ್ಣೆಲ್ಲಾ ಇದ್ರ ಮ್ಯಾಲೇ. ದೃಷ್ಟಿಯಾದದು ಅಂತ ಕಟ್ಟುಸ್ದೆ.”

“ಅಜ್ಜಿ, ಇದರಿಂದಲೇ ತೊಂದರೆ ಆಗಿರೋದು. ಈ ಕುಂಬಳಕಾಯಿನೇ ಹಂದಿ ಅಂದ್ಕೊಂಡು ಡಬ್ಬಿ ಕೂಗ್ತಾ ಇದೆ” ಎಂದು ಬಿಡಿಸಿ ಹೇಳಿದೆ.

ಅಜ್ಜಿ ಡಬ್ಬಿಯನ್ನೊಮ್ಮೆ, ಕುಂಬಳಕಾಯಿಯನ್ನೊಮ್ಮೆ ನೋಡಿ ಲೊಚಗುಟ್ಟಿದರು. “ಮೂಗಿನ ಮುಂದ್ಲ ಕುಂಬ್ಳಕಾಯಿಗೂ ಅಂದಿಗೂ ಯತ್ಯಾಸ ಗೊತ್ತಾಯ್ತಿಲ್ವಾ? ಅಯ್ಯೋ ಪಾಪ. ನಾನು ಕಟ್ಟೋದು ತಡವಾಯ್ತು ಮಗ, ಇದ್ಕೆ ಆಗ್ಲೇ ದೃಷ್ಟಿ ತಗಲ್ಬುಟ್ಟದೆ!”

ಮಧುವನಹಳ್ಳಿಯ ಸೀರೆ

ಮೇಡಂ ತಮ್ಮ ಪುಸ್ತಕದಲ್ಲಿ ‘ಸುಳ್ಳು ಅಲಾರಂ ಒಂದು’ ಎಂದು ಬರೆದುಕೊಂಡರು. ಎರಡನೆಯದು ಬರಲು ತಡವಾಗಲಿಲ್ಲ.

ಮಧುವನಹಳ್ಳಿಯ ಒಬ್ಬ ರೈತರು ಹಂದಿ ಕಾಟಕ್ಕೆ ಹೊಲದ ಸುತ್ತ ಹಳೇ ಸೀರೆಗಳನ್ನು ಬೇಲಿಯಂತೆ ಕಟ್ಟಿದ್ದರು. ನಮ್ಮ ಕಡೆ ಇದು ಎಲ್ಲರೂ ಮಾಡುವುದೇ. ಬಣ್ಣ ಬಣ್ಣದ ಸೀರೆ ಗಾಳಿಗೆ ಹಾರಾಡಿದರೆ, ಒಳಗೆ ಜನ ಇದ್ದಾರೆಂದು ಹಂದಿ ಹೆದರುತ್ತದೆ. ತೆಳು ಸೀರೆಯಲ್ಲಿ ಅಲೆ ತೂರಿಕೊಂಡು ಹೋಗುತ್ತದೆ, ಡಬ್ಬಿಗೆ ಅಡ್ಡಿಯಿಲ್ಲ ಎಂದು ಮೇಡಂ ಹೇಳಿದ್ದರಿಂದ ಧೈರ್ಯವಾಗಿ ಕಟ್ಟಿ ಬಂದೆ. ಎರಡು ದಿನ ಸುಮ್ಮನಿತ್ತು. ಮೂರನೇ ದಿನದಿಂದ ‘ದೂರ: ಎಂಟು ಮೀಟರ್. ದೊಡ್ಡದು’ ಎಂದು ಶುರುವಾಯಿತು.

ಈ ಸಲ ನಾನು ತಂತಿ ಮುಟ್ಟಲಿಲ್ಲ. ಎಂಟು ಮೀಟರ್ ಟೇಪು ಹಿಡಿದು ನಡೆದೆ. ಟೇಪು ಮುಗಿದ ಜಾಗದಲ್ಲಿ ಒಂದು ಸೀರೆ ಇತ್ತು. ಉಳಿದವೆಲ್ಲ ಬಣ್ಣಗೆಟ್ಟಿದ್ದರೆ ಇದು ಮಾತ್ರ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ನನಗೆ ವಿಷಯ ತಿಳಿಯಿತು. ಲೋಹ ಸಿಕ್ಕರೆ ಅಲೆ ರಪ್ಪನೆ ವಾಪಸ್ ಬರುತ್ತದೆ. ಕಾರಣ ಸಿಕ್ಕಿದ ಖುಷಿಯಲ್ಲಿ, ಮಜ್ಜಿಗೆ ತಂದುಕೊಟ್ಟ ಮನೆಯಾಕೆಗೆ ನನ್ನ ಜಾಣತನವನ್ನೆಲ್ಲ ತೋರಿಸಿದೆ. “ನೋಡಿ ತಾಯಿ, ಬೇರೆ ಸೀರೆಗಳು ಡಬ್ಬಿಗೆ ಕಾಣೋದೇ ಇಲ್ಲ. ಇದರಲ್ಲಿ ಅಸಲಿ ಜರಿ ಇದೆ. ಅದಕ್ಕೇ ಹಿಡಿದುಬಿಟ್ಟಿದೆ.”

ಆಕೆ ಆ ಸೀರೆಯ ಸೆರಗಿನ ತುದಿ ಎತ್ತಿ ನೋಡಿದರು. ಚೊಂಬು ಕೈಯಿಂದ ಜಾರಿತು. ಅದು ಅವರ ಧಾರೆ ಸೀರೆ. ಕೊಳ್ಳೇಗಾಲದಲ್ಲೇ ನೇಯಿಸಿದ್ದು. ಮೊನ್ನೆ ಪೆಟ್ಟಿಗೆಯಲ್ಲಿ ಕಾಣದಾದಾಗ, ನಾದಿನಿ ಮದುವೆಗೆ ಉಟ್ಟುಕೊಂಡು ಹೋಗಿ ಇಟ್ಟುಕೊಂಡಳೆಂದು ಜಗಳವಾಡಿ ಮಾತು ಬಿಟ್ಟಿದ್ದರಂತೆ. ಬೇಲಿಗೆ ಸೀರೆ ಸಾಲದೆ ಬಂದಾಗ, ಯಜಮಾನರು ಪೆಟ್ಟಿಗೆಯ ತಳದಲ್ಲಿದ್ದ ಗಂಟನ್ನು ಹಳೇದೆಂದು ಬಿಚ್ಚಿಯೂ ನೋಡದೆ ಎತ್ತಿಕೊಂಡು ಬಂದಿದ್ದರು. ನಾದಿನಿಯ ಜಗಳ ನಡೆಯುವಾಗ ಪಕ್ಕದಲ್ಲೇ ಕುಳಿತು, “ಯಾರು ತಕಂಡ್ರೋ ಏನೋ” ಎಂದು ರಾಗಿ ಮುದ್ದೆ ನುಂಗಿದ್ದರು.

ಮುಂದಿನ ಅರ್ಧ ಗಂಟೆ ಆಕೆ ಆಡಿದ್ದನ್ನು ಇಲ್ಲಿ ಬರೆಯಲಾಗದು. ಎಲ್ಲ ಮುಗಿದ ಮೇಲೆ ಯಜಮಾನರು ನನ್ನನ್ನು ಬೈಕಿನ ತನಕ ಬಿಡಲು ಬಂದರು. “ಸಾ, ಅಂದಿ ಬಂದಿದ್ರೆ ಒಂದು ಮೂಲೆ ತಿಂದ್ಕಂಡು ಓಯ್ತಿತ್ತು. ನಿಮ್ ಡಬ್ಬಿ ನನ್ನ ಪೂರ್ತಿ ತಿಂದಾಕ್ಬುಡ್ತು.”

ಮೂರು ಗಂಟೆಯ ಇಲಿ

ಮೇಡಂ ಪುಸ್ತಕದಲ್ಲಿ ‘ಸುಳ್ಳು ಅಲಾರಂ ಎರಡು’. ಇನ್ನೊಂದಾದರೆ ಮುಗಿಯಿತು. ಬಾಮೈದ ಯಾರಿಂದಲೋ ವಿಷಯ ತಿಳಿದು, ಕುರ್ಚಿ ತೊಳೆದಿಟ್ಟಿದ್ದೇನೆಂದು ಹೇಳಿ ಕಳಿಸಿದ.

ಈ ನಡುವೆ ಯಳಂದೂರಿನಲ್ಲಿ ಒಂದು ಮನೆಯೊಳಗಿನ ಟ್ರಯಲ್ ಬಂತು. ವಯಸ್ಸಾದವರು ಮನೆಯಲ್ಲಿ ಜಾರಿ ಬಿದ್ದರೆ ಕ್ಯಾಮೆರಾ ಇಲ್ಲದೆ ತಿಳಿಯಬೇಕು, ಅದಕ್ಕೊಂದು ಚಿಕ್ಕ ಡಬ್ಬಿ. ಮನೆಯವರು ನಿವೃತ್ತ ಹೆಡ್‌ಮಾಸ್ಟರು ಮತ್ತು ಅವರ ಹೆಂಡತಿ. ಮೇಷ್ಟರಿಗೆ ಸಕ್ಕರೆ ಕಾಯಿಲೆ. ನಾನು ಡಬ್ಬಿಯನ್ನು ಹಾಲ್‌ನಲ್ಲಿ ಇಟ್ಟು ಬಂದೆ. ಅಮ್ಮಾವರು ನನ್ನ ಬೆನ್ನು ತಿರುಗಿದ ಕೂಡಲೇ ಅದನ್ನು ಅಡಿಗೆಮನೆಯ ಮೇಲಿನ ಗೂಡಿಗೆ ಸಾಗಿಸಿದ್ದರು.

ವಾರ ಕಳೆದ ಮೇಲೆ ನನಗೆ ಕರೆ ಬಂತು. ಹೋದರೆ ವಿಚಾರಣೆ ನಡೆಯುತ್ತಿತ್ತು. ಅಮ್ಮಾವರ ಕೈಯಲ್ಲಿ ಮೊಬೈಲು. “ದಿನಾ ಮಧ್ಯಾಹ್ನ ಮೂರು ಗಂಟೆಗೆ, ಒಂದಡಿ ದೂರದಲ್ಲಿ, ಎರಡು ನಿಮಿಷ ಏನೋ ಬಂದು ನಿಂತು ಹೋಗುತ್ತೆ. ಆ ಗೂಡಿನಲ್ಲಿರೋದು ಕೊಬ್ಬರಿ ಮಿಠಾಯಿ ಡಬ್ಬ. ನಾನು ಆ ಹೊತ್ತಿಗೆ ಮಲಗಿರ್ತೀನಿ. ಏನೂಂದ್ರೆ, ಹೇಳಿ.”

ಮೇಷ್ಟರು ಪೇಪರಿನಿಂದ ಮುಖ ತೆಗೆಯಲಿಲ್ಲ. “ಇಲಿ ಇರಬೇಕು ಕಣೇ.”

“ದಿನಾ ಮೂರಕ್ಕೆ ಸರಿಯಾಗಿ ಬರುವ ಇಲೀನಾ?”

“ಹಾಗಾದರೆ ಈ ಮಷಿನ್ನೇ ತಪ್ಪು ಹೇಳ್ತಿದೆ. ಕೇಳು ಇವರನ್ನ” ಎಂದು ಮೇಷ್ಟರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಅಷ್ಟೂ ವರ್ಷದ ಮೇಷ್ಟರಿಕೆ ಕರಗಿ, ಬೆಂಚಿನ ಮೇಲೆ ನಿಂತ ಹುಡುಗನ ಗೋಗರೆತ ಕಂಡಿತು. ಹೌದು, ಮಷಿನ್ ತಪ್ಪು ಎಂದುಬಿಟ್ಟರೆ ಅವರು ಬದುಕುತ್ತಿದ್ದರು. ಆದರೆ ಅದು ಮೂರನೇ ಸುಳ್ಳು ಅಲಾರಂ ಆಗುತ್ತಿತ್ತು. ಕಣ್ಣ ಮುಂದೆ ನೀಲಿ ಕುರ್ಚಿ ಬಂತು. “ಡಬ್ಬಿ ಸುಳ್ಳು ಹೇಳೋಲ್ಲ ಮೇಷ್ಟ್ರೇ” ಎಂದು ತಲೆ ತಗ್ಗಿಸಿದೆ.

ಅಮ್ಮಾವರು ಸೆರಗಿನಿಂದ ಒಂದು ಕನ್ನಡಕ ತೆಗೆದು ಟೀಪಾಯಿ ಮೇಲಿಟ್ಟರು. “ನೆನ್ನೆ ಮಿಠಾಯಿ ಡಬ್ಬದ ಪಕ್ಕ ನಿಮ್ಮ ಇಲಿ ಇದನ್ನ ಮರೆತು ಹೋಗಿದೆ. ಪಾಪ, ಪೇಪರನ್ನೂ ತಲೆಕೆಳಗು ಹಿಡ್ಕೊಂಡು ಓದ್ತಾ ಇದೆ.”

ಬರ್ಲಿ, ಬರ್ಲಿ

ಇದು ಚಿಕ್ಕದು, ಮೇಡಂ ಪುಸ್ತಕಕ್ಕೂ ಹೋಗಲಿಲ್ಲ. ಹನೂರಿನಿಂದ ಬೆಟ್ಟಕ್ಕೆ ಹೋಗುವ ಒಂದು ಪ್ರೈವೇಟ್ ಬಸ್ಸಿನ ಡ್ರೈವರು ಪರಿಚಯದವರು. “ಬಸ್ ಹಿಂದಕ್ಕೆ ತಗೊಳೋವಾಗ ಗೋಡೆ ಎಷ್ಟು ದೂರ ಅದೆ ಅಂತ ನಿಮ್ ಡಬ್ಬಿ ಏಳುತ್ತಾ ಸಾ?” ಎಂದರು. ಹೇಳದೇ ಏನು! ಬಸ್ಸಿನ ಹಿಂದೆ ಕಟ್ಟಿ, ಫೋನನ್ನು ಅವರ ಮುಂದೆ ಸಿಕ್ಕಿಸಿದೆ.

ಬಸ್‌ಸ್ಟ್ಯಾಂಡಿನಲ್ಲಿ ರಿವರ್ಸ್ ಹಾಕಿದರು. ಹಿಂದೆ ಖಾಲಿ ಜಾಗ. ಆದರೆ ಡಬ್ಬಿ ‘ಒಂದು ಮೀಟರ್, ಒಂದು ಮೀಟರ್’ ಎಂದೇ ಹೇಳುತ್ತದೆ. ಡ್ರೈವರು ಬ್ರೇಕ್ ತುಳಿಯುತ್ತಾರೆ, ಜಾಗಕ್ಕಾಗಿ ಕಾಯುತ್ತಿರುವ ಬೇರೆ ಬಸ್ಸಿನವರು ಹಾರ್ನ್ ಹೊಡೆಯುತ್ತಾರೆ. ಇಳಿದು ನೋಡಿದರೆ ಕಂಡಕ್ಟರು ಡಬ್ಬಿಗೆ ಎದೆ ಕೊಟ್ಟು ನಿಂತಿದ್ದಾರೆ. ಬಸ್ ಹಿಂದೆ ಬಂದಷ್ಟೂ ತಾವೂ ಹಿಂದೆ ನಡೆಯುತ್ತಾ, “ಬರ್ಲಿ, ಬರ್ಲಿ, ಬರ್ಲಿ” ಎನ್ನುತ್ತಿದ್ದಾರೆ. ಹದಿನೆಂಟು ವರ್ಷದಿಂದ ಆ ಬಸ್ಸನ್ನು ಹಿಂದಕ್ಕೆ ಕರೆದವರು ಅವರು. ಅವರ ಸಂಕಟ ನನಗೆ ಅರ್ಥವಾಗದೆ ಇರಲಿಲ್ಲ, ನನ್ನ ಕೇಬಲ್ ತಂತಿ ನೆನಪಾಯಿತು.

ಬಸ್ ಹೊರಟು ಹೋದ ಮೇಲೆ ನೋಡಿದರೆ ಡಬ್ಬಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತಿತ್ತು. ಸಂಜೆ ಸಿಕ್ಕಾಗ ಕೇಳಿದೆ. ಕಂಡಕ್ಟರು ಶಾಂತವಾಗಿ ಹೇಳಿದರು: “ಟಿಕೆಟ್ ತಕಂಡಿರ್ಲಿಲ್ಲ ಸಾ, ಇಳಿಸ್ಬುಟ್ಟೆ.”

ಎರಡನೇ ವಸ್ತು

ಕೊನೆಗೆ ದೊಡ್ಡ ದಿನ ಬಂತು. ಹನೂರಿನಿಂದಾಚೆ ಕಾಡಂಚಿನ ಒಂದು ಊರಿನಲ್ಲಿ ಅರಣ್ಯ ಇಲಾಖೆಯ ಅಧಿಕಾರಿಗಳ ಎದುರು ಪ್ರದರ್ಶನ. ಇಲ್ಲಿ ಪಾಸಾದರೆ ಪರ್ಮನೆಂಟು, ಇಲ್ಲದಿದ್ದರೆ ಗಿರಣಿ. ನಡುವೆ ಬೇರೆ ದಾರಿ ಇರಲಿಲ್ಲ.

ಒಂದು ವಾರ ಮೊದಲೇ ಹೋಗಿ ಡಬ್ಬಿ ಕಟ್ಟಿದೆ. ಜೊತೆಗಿದ್ದವರು ಕಾಡಿನ ವಾಚರ್ ಕೆಲಸ ಮಾಡುವ ಒಬ್ಬ ಸೋಲಿಗ ತಾತ. ಡಬ್ಬಿಯನ್ನು ಅವರು ಆಡಿಕೊಳ್ಳಲಿಲ್ಲ. “ನಮ್ಗೂ ಇದೇ ಕೆಲ್ಸ ಅಲ್ವಾ ಸಾ. ನಾವು ಮೂಗು, ಕಿವೀಲಿ ಮಾಡ್ತೀವಿ. ಇದ್ಕೆ ಬ್ಯಾಟ್ರಿ ಬೇಕು” ಎಂದರು. ನಾನು ಮೂರನೇ ಅಲಾರಮ್ಮಿನ ಭಯ, ಬಾಮೈದ, ನೀಲಿ ಕುರ್ಚಿ ಎಲ್ಲವನ್ನೂ ಅವರ ಹತ್ತಿರ ತೋಡಿಕೊಂಡೆ. ತಾತ ಎಲೆ ಅಡಿಕೆ ಅಗಿಯುತ್ತಾ ಕೇಳಿದರು. “ಇಟ್ಟು ಬೀಸೋದು ಒಳ್ಳೆ ಕೆಲ್ಸಾನೇ ಸಾ. ಬಾಮೈದ್ನ ಗಿರಣೀಲಿ ಮಾತ್ರ ಬ್ಯಾಡ” ಎಂದರು. ಇಷ್ಟು ತಿಳಿದವರು ನನಗೆ ಬೇರೆ ಯಾರೂ ಸಿಕ್ಕಿರಲಿಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ಎಂಟಕ್ಕೆ ಎರಡು ಜೀಪು ಬಂದವು. ಮೇಡಂ ಬಂದರು. ಊರವರು ಶಾಮಿಯಾನ ಹಾಕಿ ಕುರ್ಚಿ ಇಟ್ಟಿದ್ದರು. ಎದುರಿಗೆ ತಲೆಯೆತ್ತರ ಬೆಳೆದ ಮುಸುಕಿನ ಜೋಳ, ಅದರ ಪಕ್ಕಕ್ಕೆ ಲಾಂಟಾನ ಪೊದೆ, ಒಂದು ಹುಣಸೆ ಮರ. ನಾನು ಹಿಂದಿನ ಸಂಜೆಯೇ ಪ್ರತಿ ಕಂಬ, ಪ್ರತಿ ಮರ ಸುತ್ತಿ ಕುಂಬಳಕಾಯಿ, ಸೀರೆ, ತಗಡು ಯಾವುದೂ ಇಲ್ಲವೆಂದು ನೋಡಿಕೊಂಡಿದ್ದೆ. ಒಬ್ಬರನ್ನು ನಡೆಸಿ ತೋರಿಸಿದೆವು. ಡಬ್ಬಿ ಹೇಳಿದ ದೂರಕ್ಕೂ ಟೇಪಿಗೂ ಸರಿಯಾಯಿತು. ಅಧಿಕಾರಿಗಳು ತಲೆದೂಗಿದರು. ನನ್ನ ಎದೆ ಅರಳಿತು.

ಟೀ ಕೊಡುವ ಹೊತ್ತಿಗೆ ಡಬ್ಬಿ ಮೆಲ್ಲಗೆ ಕೂಗಿತು. ‘ದೂರ: ಮೂವತ್ತೆರಡು ಮೀಟರ್. ಗಾತ್ರ: ದೊಡ್ಡದು. ನಿಂತಿದೆ.’

ಎಲ್ಲರೂ ನೋಡಿದರು. ಜೋಳ, ಪೊದೆ, ಹುಣಸೆ ಮರ. ಬೇರೇನೂ ಇಲ್ಲ. ಒಬ್ಬ ಅಧಿಕಾರಿ ನಕ್ಕರು. “ಏನ್ರೀ, ಜೋಳದ ಗಿಡಕ್ಕೂ ಕೂಗುತ್ತಾ ಇದು?” ಮೇಡಂ ಮುಖ ಸಣ್ಣದಾಯಿತು. ಅವರು ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದರು. ಆ ‘ಟಕ್’ ಸದ್ದು ನನಗೆ ಗಿರಣಿಯ ಸ್ವಿಚ್ಚು ಹಾಕಿದಂತೆ ಕೇಳಿಸಿತು.

ತಾತ ನನ್ನ ಕೈ ಹಿಡಿದು ಕಿವಿಯ ಹತ್ತಿರ ಬಗ್ಗಿದರು. “ಸಾ, ಡಬ್ಬಿ ದಿಟ ಏಳ್ತಾ ಅದೆ. ಆನೆ ವಾಸ್ನೆ ಬತ್ತಾ ಅದೆ. ರಾತ್ರಿ ಬಂದಿದ್ದ ಒಂಟಿ ಸಲಗ ಓಗಿಲ್ಲ, ಈಗ ಇತ್ತಾಗ್ ಬಂದದೆ.”

ನನ್ನ ಕಣ್ಣು ತುಂಬಿತು. ನನ್ನ ಕೆಲಸ ಉಳಿಸಲು ಈ ವಯಸ್ಸಿನಲ್ಲಿ ಈ ಮನುಷ್ಯ ಸುಳ್ಳು ಹೇಳುತ್ತಿದ್ದಾರಲ್ಲ ಎನ್ನಿಸಿತು. “ಬೇಡಿ ತಾತ, ನನಗೋಸ್ಕರ ನೀವು ಸುಳ್ಳು ಹೇಳಬೇಡಿ” ಎಂದು ಅವರ ಕೈ ಬಿಡಿಸಿಕೊಂಡೆ. ಅಧಿಕಾರಿಗಳ ಕಡೆ ತಿರುಗಿ, “ಸಾರ್, ಎರಡು ನಿಮಿಷ. ಯಾರೋ ಏನೋ ಕಟ್ಟಿರ್ತಾರೆ. ಕಿತ್ತುಕೊಂಡು ಬಂದೆ” ಎಂದು ಜೋಳದ ಬದಿ ಹಿಡಿದು ಹೊರಟೇಬಿಟ್ಟೆ. ತಾತ ಹಿಂದಿನಿಂದ “ಬ್ಯಾಡ ಸಾ, ಬ್ಯಾಡ!” ಎಂದದ್ದು ಕೇಳಿಸಿತು. ಅದನ್ನೂ ಪ್ರೀತಿ ಎಂದೇ ತಿಳಿದೆ.

ನಡೆಯುತ್ತಾ ಬೈದುಕೊಂಡೆ. “ಒಂದು ವಸ್ತು ನೆಮ್ಮದಿಯಾಗಿ ಇರೋಕೆ ಬಿಡೋಲ್ವಲ್ಲ! ಕಂಡಲ್ಲೆಲ್ಲ ಕುಂಬಳಕಾಯಿ ಕಟ್ತೀರಲ್ಲ! ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬೇರೆ ಏನೂ ಸಿಗಲಿಲ್ವಾ?” ಪೊದೆಯ ಹತ್ತಿರ ಹೋಗಿ ಕೊಂಬೆ ಸರಿಸಿದೆ. ಮೊದಲು ಕಂಡದ್ದು ಬೂದು ಬಣ್ಣ. ಸರಿ, ನಾನಂದುಕೊಂಡದ್ದೇ ಎಂದು ಸಮಾಧಾನವಾಯಿತು. ಮರುಕ್ಷಣ ಆ ಕುಂಬಳಕಾಯಿಗೆ ಕಿವಿ ಬಂತು. ಕಿವಿ ಬೀಸಿತು. ಪಕ್ಕದಲ್ಲೊಂದು ಕಣ್ಣು ತೆರೆದು, ಬೈದವನು ಯಾರೆಂದು ನನ್ನನ್ನೇ ನೋಡಿತು.

ಕಾಲಿಗೆ ಬುದ್ಧಿ ಹೇಳಿದೆ. ನಿಜ ಹೇಳಬೇಕೆಂದರೆ ಹೇಳುವಷ್ಟು ಹೊತ್ತೂ ಇರಲಿಲ್ಲ, ಅವೇ ಹೊರಟಿದ್ದವು. ಚಪ್ಪಲಿ ಒಂದು ಜೋಳದಲ್ಲಿ ಉಳಿಯಿತು, ಟೇಪು ಒಂದು ಕಡೆ ಹೋಯಿತು. ಬೆನ್ನ ಹಿಂದೆ ಆನೆ ಉಸಿರು ಬಿಡುತ್ತಿದೆ ಎಂದೇ ಓಡಿದೆ. ಆಮೇಲೆ ಗೊತ್ತಾಯಿತು, ಅದು ನನ್ನದೇ ಉಸಿರು. ಆನೆ ನಿಂತಲ್ಲಿಂದ ಕದಲಿರಲಿಲ್ಲವಂತೆ, ಇನ್ನೊಂದು ಜೋಳದ ತೆನೆ ಮುರಿದು ಬಾಯಿಗಿಟ್ಟುಕೊಂಡಿತಂತೆ.

ಇತ್ತ ತಾತ ಎಲ್ಲರನ್ನೂ ಜೀಪುಗಳ ಹಿಂದಕ್ಕೆ ತಳ್ಳಿದ್ದರು. ಮೇಡಂ ಮಾತ್ರ ಪರದೆಯಿಂದ ಕಣ್ಣು ಕೀಳದೆ ಜೀಪಿನ ಮರೆಯಿಂದ ಗಟ್ಟಿಯಾಗಿ ಓದುತ್ತಿದ್ದರು. “ಇಪ್ಪತ್ತೈದು ಮೀಟರ್... ಹದಿನೆಂಟು... ಹತ್ತು... ನಾಲ್ಕು... ಒಂದು!” ಒಂದು ಎನ್ನುವಾಗ ನಾನು ಡಬ್ಬಿಯ ಕಂಬಕ್ಕೆ ಢಿಕ್ಕಿ ಹೊಡೆದು, ಹಿಂದೆ ಸಿಕ್ಕ ಕುರ್ಚಿಯಲ್ಲಿ ಕುಸಿದೆ. ಉಸಿರು ಬಂದ ಮೇಲೆ ಕೆಳಗೆ ನೋಡಿಕೊಂಡೆ. ನೀಲಿ ಪ್ಲಾಸ್ಟಿಕ್ ಕುರ್ಚಿ. ಹಣೆಬರಹ ಇಲ್ಲಿಗೂ ಬಂತಲ್ಲ ಎಂದು ಅಳು ಬಂದಂತಾಯಿತು.

ತಾತ ಮತ್ತು ಇನ್ನಿಬ್ಬರು ವಾಚರುಗಳು ಪಟಾಕಿ ಹೊಡೆದು ಆನೆಯನ್ನು ಕಾಡಿಗೆ ಅಟ್ಟಿ ಬಂದರು. ನಕ್ಕಿದ್ದ ಅಧಿಕಾರಿ ಈಗ ಡಬ್ಬಿಯ ಮುಂದೆ ಕೈ ಕಟ್ಟಿ ನಿಂತಿದ್ದರು. “ನಮ್ಮ ಯಾರ ಕಣ್ಣಿಗೂ ಕಾಣದ್ದನ್ನ ಹಿಡಿಯಿತಲ್ಲ. ಮುಂದುವರಿಸಿ ಮೇಡಂ” ಎಂದರು. ಮೇಡಂ ನಗು ತಡೆಯಲಾರದೆ ಪುಸ್ತಕ ಬಿಚ್ಚಿದರು.

“ಅಂಕಲ್, ರಿಪೋರ್ಟ್ ಚೆನ್ನಾಗಿ ಬಂದಿದೆ. ವಸ್ತು ಒಂದು: ದೊಡ್ಡದು, ನಿಂತಿತ್ತು. ಅದು ಆನೆ. ವಸ್ತು ಎರಡು: ಚಿಕ್ಕದು. ನಮ್ಮ ಡಬ್ಬಿ ಇಲ್ಲೀತನಕ ಅಳೆದದ್ದರಲ್ಲೆಲ್ಲ ಇದೇ ಅತೀ ವೇಗದ್ದು. ಇದು ಏನು ಅಂತ ಬರೀಬೇಕು, ಖಾಲಿ ಬಿಡೋ ಹಾಗಿಲ್ಲ. ಏನು ಬರೀಲಿ?”

ನಾನು ಬರಿಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ. ತಾತ ಜೋಳದೊಳಗಿಂದ ತಂದ ನನ್ನ ಚಪ್ಪಲಿಯನ್ನು ಕಾಲ ಬಳಿ ಇಟ್ಟು, ಮೇಡಂ ಕಡೆ ತಿರುಗಿದರು.

“ಪರ್ಮನೆಂಟ್ ನೌಕ್ರ ಅಂತ ಬರ್ಕಳಿ ಅವ್ವ.”

ಮೇಡಂ ಹಾಗೇ ಬರೆದುಕೊಂಡರು.